ಕ್ಯಾಮೆರಾ ಅಣ್ಣನದು, ‘ಸಾಕು’ ಎನ್ನುವ ಅಧಿಕಾರ ನನ್ನದು

ಮಾನ್ಯ ಸಂಪಾದಕರೇ,

ಓದುಗರು ಕಳುಹಿಸಿದ ಸಾಕುಪ್ರಾಣಿಗಳ ಚಿತ್ರಗಳಿಗೆಂದು ತಮ್ಮ ವಾರದ ಪುರವಣಿಯಲ್ಲಿ ಪುಟ ಮೀಸಲಿಟ್ಟಿದ್ದೀರಿ. ನಾಯಿ, ಬೆಕ್ಕು, ಗಿಳಿಗಳ ನಡುವೆ ಈ ಸಲ ಒಂದು ಸಾಕುಹಾವಿಗೂ ಜಾಗ ಸಿಕ್ಕಿದ್ದು ಕಂಡು ಮೊದಲು ಖುಷಿಯೇ ಆಯಿತು. ಚಿತ್ರವನ್ನು ಇನ್ನೊಮ್ಮೆ ನೋಡಿದಾಗ ಆ ಖುಷಿ ಉಳಿಯಲಿಲ್ಲ. ಕಪ್ಪು ಬಂಡೆಯ ಮೇಲೆ ಒಂದು ಬಾಲ್ ಪೈಥಾನ್ (ಆಫ್ರಿಕಾ ಮೂಲದ ಸಣ್ಣ ಹೆಬ್ಬಾವು) ಮಲಗಿದೆ. ಅದರ ನೆರಳು ಪಕ್ಕಕ್ಕೆ ಚಾಚದೆ ಮೈಯ ಅಡಿಯಲ್ಲೇ ಉಡುಗಿದೆ. ಅಂದರೆ ಸೂರ್ಯ ನೆತ್ತಿಯ ಮೇಲಿದ್ದ ಹೊತ್ತು. ಹಾವಿನ ಬಾಯಿ ತುಸು ತೆರೆದಿದೆ. ಅಡಿಬರಹದಲ್ಲಿ ‘ನಗುತ್ತಿರುವ ಹಾವು’ ಎಂದು ಅಚ್ಚಾಗಿದೆ. ಹಾವು ನಗುವುದಿಲ್ಲ. ನಡುಹಗಲಿನಲ್ಲಿ ಬಿಸಿ ಕಲ್ಲಿನ ಮೇಲೆ ಬಾಯಿ ತೆರೆದಿರುವ ಹಾವನ್ನು ಕಂಡರೆ, ಅದರ ಮೈ ಕಾದು ಉಸಿರಿಗೆ ಕಷ್ಟಪಡುತ್ತಿದೆಯೇ ಎಂದು ಮೊದಲು ಕೇಳಬೇಕು.

ಚಿತ್ರ ಕಳುಹಿಸಿದವರನ್ನು ದೂರುವುದಕ್ಕಾಗಿ ಈ ಪತ್ರ ಬರೆಯುತ್ತಿಲ್ಲ. ಹಾವಿನ ಮೇಲೆ ಪ್ರೀತಿ ಇಲ್ಲದವರು ಅದರ ಚಿತ್ರ ತೆಗೆಯುವ ಗೋಜಿಗೇ ಹೋಗುವುದಿಲ್ಲ. ಆದರೆ ಪತ್ರಿಕೆಯಲ್ಲಿ ಅಚ್ಚಾದ ಚಿತ್ರ ಇನ್ನೊಬ್ಬರಿಗೆ ಮಾದರಿಯಾಗುತ್ತದೆ. ಮುಂದಿನ ವಾರ ಯಾರೋ ತಮ್ಮ ಹಾವನ್ನು ಅಂಥದ್ದೇ ಬಂಡೆಯ ಮೇಲೆ, ಅಂಥದ್ದೇ ಬಿಸಿಲಿನಲ್ಲಿ ಮಲಗಿಸುತ್ತಾರೆ. ಅದನ್ನು ತಡೆಯಲು ನನಗೆ ಗೊತ್ತಿರುವಷ್ಟನ್ನು ಹೇಳಬೇಕೆನಿಸಿತು. ಪತ್ರ ಉದ್ದವಾಗಿದೆ. ದಯವಿಟ್ಟು ಬಿಸಿಲಿನ ಭಾಗವನ್ನು ಮಾತ್ರ ಕತ್ತರಿಸಬೇಡಿ.

ನಾನು ಛಾಯಾಗ್ರಾಹಕಿಯಲ್ಲ. ನಮ್ಮಲ್ಲಿ ಕ್ಯಾಮೆರಾ ಅಣ್ಣನದು, ಹಾವುಗಳ ಹೊಣೆ ನನ್ನದು. ಒಂದು ಕಾರ್ನ್ ಸ್ನೇಕ್, ಒಂದು ಬಾಲ್ ಪೈಥಾನ್, ಒಂದು ರೇನ್‌ಬೋ ಬೋವಾ. ಮೂರೂ ಸಾಕಣೆಯಲ್ಲೇ ಹುಟ್ಟಿದವು, ಮೂರಕ್ಕೂ ಕಾಗದಪತ್ರಗಳಿವೆ. ಕಾಡಿನಿಂದ ಹಿಡಿದು ತಂದ ಹಾವನ್ನು, ಕಾನೂನು ಒಪ್ಪದ ಹಾವನ್ನು ಸಾಕುವ ಬಗ್ಗೆ ನನ್ನ ಬಳಿ ಹೇಳಲು ಏನೂ ಇಲ್ಲ. ಅದನ್ನು ಸಾಕಬಾರದು, ಅಷ್ಟೆ. ಅಣ್ಣ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಚಿತ್ರ ತೆಗೆಯುವಾಗ ನಾನು ಹಾವಿನಿಂದ ಒಂದು ತೋಳಿನಳತೆಯಲ್ಲಿ ಮಂಡಿಯೂರಿ ಕುಳಿತಿರುತ್ತೇನೆ. ಆ ಹೊತ್ತಿನಲ್ಲಿ ನನಗೆ ಬೇರೆ ಕೆಲಸವಿಲ್ಲ. ಫೋನ್ ನೋಡುವುದಿಲ್ಲ, ತೆಗೆದ ಚಿತ್ರಗಳನ್ನು ಇಣುಕಿ ನೋಡುವುದಿಲ್ಲ, ಪ್ರತಿಫಲಕ ಹಿಡಿದು ನಿಲ್ಲುವುದೂ ಇಲ್ಲ. ಹಾವನ್ನು ನೋಡುತ್ತಿರುವುದೇ ಕೆಲಸ. ನಾನು ‘ಸಾಕು’ ಎಂದರೆ ಅಣ್ಣ ಕ್ಯಾಮೆರಾ ಕೆಳಗಿಡುತ್ತಾನೆ. ‘ಇನ್ನೊಂದೇ ಒಂದು’ ಎಂದು ಕೇಳುವ ಹಾಗಿಲ್ಲ. ಇದು ನಮ್ಮಿಬ್ಬರ ನಡುವಿನ ಒಪ್ಪಂದ. ಸಾಕುಹಾವನ್ನು ಹೊರಗೆ ಒಯ್ದು ಚಿತ್ರ ತೆಗೆಯುವ ಪ್ರತಿಯೊಬ್ಬರೂ ಇದನ್ನು ಮಾಡಿಕೊಳ್ಳಬೇಕೆಂಬುದೇ ನನ್ನ ಬೇಡಿಕೆ. ಒಬ್ಬರೇ ಇದ್ದರೆ ಹಾವನ್ನು ಹೊರಗೆ ಒಯ್ಯಲೇಬೇಡಿ. ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಕ್ಯಾಮೆರಾದ ಕಿಂಡಿಗೆ ಒತ್ತಿ ಹಿಡಿದವರಿಗೆ ಹಾವಿನ ತಲೆ ಮಾತ್ರ ಕಾಣುತ್ತದೆ. ಬಾಲದ ಕಡೆ ಏನಾಗುತ್ತಿದೆ, ಹಿಂದಿನಿಂದ ಯಾವ ನಾಯಿ ಬರುತ್ತಿದೆ, ಬಂಡೆಯ ಬಿರುಕು ಎಷ್ಟು ಹತ್ತಿರದಲ್ಲಿದೆ, ಇವೊಂದೂ ಕಾಣುವುದಿಲ್ಲ.

ಹಾಗಾದರೆ ಹೊರಗೆ ಒಯ್ಯುವುದೇ ಏಕೆ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಮ್ಮ ರೇನ್‌ಬೋ ಬೋವಾ ಕೋಣೆಯ ದೀಪದಲ್ಲಿ ಕಂದು ಬಣ್ಣದ, ಉಂಗುರ ಚುಕ್ಕೆಗಳ ಸಾಧಾರಣ ಹಾವು. ಬೆಳಗಿನ ಓರೆ ಬಿಸಿಲು ಬಿದ್ದ ಕ್ಷಣ ಅದರ ಮೈಮೇಲೆ ನೀಲಿ, ಹಸಿರು, ನೇರಳೆ ಹರಿದಾಡುತ್ತವೆ. ಅದು ಬಣ್ಣದ್ರವ್ಯದ ಮಾತಲ್ಲ. ಹುರುಪೆಗಳ ಮೇಲ್ಮೈಯಲ್ಲಿ ಬರಿಗಣ್ಣಿಗೆ ಕಾಣದ ಸೂಕ್ಷ್ಮ ರಚನೆಗಳಿವೆ, ಅವು ಬೆಳಕನ್ನು ಒಡೆಯುವುದರಿಂದ ಹುಟ್ಟುವ ಹೊಳಪು. ಹಾವು ಉಸಿರೆಳೆದಾಗ ಪಕ್ಕೆ ಒಂದಿಷ್ಟು ಉಬ್ಬುತ್ತದೆ, ನೀಲಿ ಇದ್ದ ಕಡೆ ಹಸಿರು ಬರುತ್ತದೆ. ಇದನ್ನು ಕಂಡವರಿಗೆ ಹೊರಗಿನ ಬೆಳಕಿನ ಆಸೆ ಏಕೆಂದು ವಿವರಿಸಬೇಕಾಗಿಲ್ಲ. (ಈ ಹೊಳಪು ಬೇಕಿದ್ದರೆ ಲೆನ್ಸ್‌ಗೆ ಪೋಲರೈಸರ್ ಹಾಕಬೇಡಿ. ಎಲೆಗಳ ಮೇಲಿನ ಬೇಡದ ಮಿರುಗನ್ನು ತೆಗೆಯುವ ಅದೇ ಗಾಜು ಹಾವಿನ ಮೈಯ ಬಣ್ಣಗಳನ್ನೂ ಮಂಕು ಮಾಡಬಹುದು.)

ಇನ್ನು ಬಿಸಿಲಿನ ಮಾತು. ಹಾವಿಗೆ ಬೆವರಿಲ್ಲ. ಮೈ ಕಾದರೆ ಅದು ಮಾಡಬಲ್ಲದ್ದು ಒಂದೇ, ಅಲ್ಲಿಂದ ಸರಿದು ತಂಪು ಜಾಗಕ್ಕೆ ಹೋಗುವುದು. ಚಿತ್ರ ತೆಗೆಯುವ ನಾವು ಆ ಒಂದು ದಾರಿಯನ್ನೂ ಮುಚ್ಚುತ್ತೇವೆ. ಅದು ಸರಿದಾಗಲೆಲ್ಲ ಎತ್ತಿ ತಂದು ಮತ್ತೆ ಅದೇ ಬಂಡೆಯ ಮೇಲೆ ಇಡುತ್ತೇವೆ. ಬಾಲ್ ಪೈಥಾನ್ ಸಾಕುವವರು ಪೆಟ್ಟಿಗೆಯ ಬೆಚ್ಚಗಿನ ತುದಿಯನ್ನು ಸುಮಾರು 31ರಿಂದ 33 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತಂಪು ತುದಿಯನ್ನು 24ರಿಂದ 27 ಡಿಗ್ರಿಯಲ್ಲಿ ಇಡುತ್ತಾರೆ. ಪೆಟ್ಟಿಗೆಗೆ ಥರ್ಮೋಸ್ಟಾಟ್ ಹಾಕಿ, ಎರಡು ಡಿಗ್ರಿ ಏರಿದರೂ ಗಾಬರಿಯಾಗುವವರೇ ಹೊರಗೆ ಹೋದಾಗ ಕಲ್ಲನ್ನು ಮುಟ್ಟಿಯೂ ನೋಡುವುದಿಲ್ಲ. ಹಾವಿನ ಮೈ 40 ಡಿಗ್ರಿಯ ಆಚೆಗೆ ಹೋದರೆ ಜೀವಕ್ಕೇ ಅಪಾಯ. ಗಾಳಿ 30 ಡಿಗ್ರಿ ಇರುವ ದಿನವೂ ಬಿಸಿಲಿನಲ್ಲಿ ಬಿದ್ದಿರುವ ಕಪ್ಪು ಕಲ್ಲು 50 ಡಿಗ್ರಿ ದಾಟಬಲ್ಲದು. ಹಾವಿನ ಹೊಟ್ಟೆ ಉದ್ದಕ್ಕೂ ಆ ಕಲ್ಲಿಗೆ ಅಂಟಿಕೊಂಡಿರುತ್ತದೆ. ದೋಸೆಹಂಚಿನ ಮೇಲೆ ಇಟ್ಟಂತೆ ಕೆಳಗಿನಿಂದ, ಬಿಸಿಲಿನಿಂದಾಗಿ ಮೇಲಿನಿಂದ, ಎರಡೂ ಕಡೆಯಿಂದ ಕಾಯುತ್ತದೆ. ಪೆನ್ಸಿಲ್ ದಪ್ಪದ ಮರಿಯಾಗಿದ್ದರೆ ದೊಡ್ಡ ಹಾವಿಗಿಂತ ಎಷ್ಟೋ ಬೇಗ.

ಆದ್ದರಿಂದ ಹಾವನ್ನು ಇಡುವ ಜಾಗದಲ್ಲಿ ಮೊದಲು ನನ್ನ ಅಂಗೈಯ ಹಿಂಬದಿಯನ್ನು ಇಡುತ್ತೇನೆ. ಆರಾಮಾಗಿ ಇಟ್ಟುಕೊಂಡಿರಲು ಆಗದಿದ್ದರೆ ಆ ಜಾಗ ಬೇಡ. ಮುಟ್ಟದೆ ತಾಪ ಅಳೆಯುವ ಸಣ್ಣ ಇನ್ಫ್ರಾರೆಡ್ ಥರ್ಮಾಮೀಟರ್ ಚೀಲದಲ್ಲಿರುತ್ತದೆ. ನೆಲ 33 ಡಿಗ್ರಿ ತೋರಿಸಿದರೆ ನೆರಳಿಗೆ ಹೋಗುತ್ತೇವೆ. ಗಾಳಿ 22 ಡಿಗ್ರಿಗಿಂತ ಕೆಳಗಿದ್ದರೆ ಹಾವು ಪೆಟ್ಟಿಗೆಯಿಂದ ಹೊರಬರುವುದೇ ಇಲ್ಲ. ಬಿಸಿ ನಾಡಿನ ಹಾವುಗಳಿಗೆ ಚಳಿ ತಗುಲಿದರೆ ಶ್ವಾಸಕೋಶದ ಸೋಂಕು ಸುಲಭವಾಗಿ ಹಿಡಿಯುತ್ತದೆ. ಸೂರ್ಯ ಹುಟ್ಟಿ ನೆಲ ಬೆಚ್ಚಗಾದ ಮೇಲಿನ ಸ್ವಲ್ಪ ಹೊತ್ತು, ಸಂಜೆ ಬಿಸಿಲು ಓರೆಯಾದ ಮೇಲಿನ ಸ್ವಲ್ಪ ಹೊತ್ತು, ಇವೆರಡೇ ನಮ್ಮ ಸಮಯ. ಮೋಡ ಕವಿದಿದ್ದರೆ ಅಣ್ಣನಿಗೆ ಹಬ್ಬ. ಆಕಾಶವೇ ಒಂದು ದೊಡ್ಡ ಮೃದು ದೀಪವಾಗುತ್ತದೆ, ಹುರುಪೆಗಳ ಮೇಲೆ ಬಿಳಿ ಚುಕ್ಕೆಗಳು ಬೀಳುವುದಿಲ್ಲ, ಹಾವಿಗೂ ಕಣ್ಣು ಕುಕ್ಕುವುದಿಲ್ಲ. ಅಲ್ಬಿನೊ, ಅಂದರೆ ಹುಟ್ಟಿನಿಂದಲೇ ಕಪ್ಪು ಬಣ್ಣದ್ರವ್ಯವಿಲ್ಲದ, ಹಾವುಗಳ ಕಣ್ಣಿಗೆ ಬೆಳಕನ್ನು ತಡೆಯುವ ಬಣ್ಣವಿರುವುದಿಲ್ಲ. ಅವುಗಳ ಚಿತ್ರವನ್ನು ಮೋಡದ ದಿನ ಅಥವಾ ದಟ್ಟ ನೆರಳಿನಲ್ಲಿ ಮಾತ್ರ ತೆಗೆಯಿರಿ. ನಾವು ತಿಳಿಬಣ್ಣದ ಛತ್ರಿಯೊಂದನ್ನು ಸದಾ ಒಯ್ಯುತ್ತೇವೆ. ಒಂದು ಹಾವಿಗೆ ಒಂದು ಸಲಕ್ಕೆ ಹತ್ತು ನಿಮಿಷ, ಆಮೇಲೆ ಚೀಲ. ಚಿತ್ರ ಸಿಗಲಿ, ಸಿಗದಿರಲಿ.

ಒಯ್ಯುವ ದಾರಿಯಲ್ಲೇ ಹಾವು ಸತ್ತ ಸುದ್ದಿಗಳನ್ನೂ ಕೇಳಿದ್ದೇನೆ, ಅದಕ್ಕೆ ಈ ಮಾತು. ಗಾಳಿಯಾಡುವ ಹತ್ತಿಬಟ್ಟೆಯ ಚೀಲ, ಅದರ ಬಾಯಿಗೆ ಗಂಟು, ಆ ಚೀಲ ತೂತುಗಳಿರುವ ಗಟ್ಟಿ ಡಬ್ಬಿಯೊಳಗೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುತ್ತದೆ. ಕಿಟಕಿಯ ಗಾಜನ್ನು ಬೆರಳಗಲ ಇಳಿಸಿಟ್ಟರೆ ಹೆಚ್ಚೇನೂ ಪ್ರಯೋಜನವಿಲ್ಲ. ಜಾಗ ನೋಡಿಕೊಂಡು ಬರುವವರೆಗೆ ಹಾವು ಕಾರಿನಲ್ಲೇ ಇರಲಿ ಎನ್ನುವವರಿಗೆ ನನ್ನ ಉತ್ತರ: ಇಬ್ಬರಲ್ಲಿ ಒಬ್ಬರು ಹೋಗಿ ಜಾಗ ನೋಡಿ, ಇನ್ನೊಬ್ಬರು ಹಾವಿನ ಡಬ್ಬಿಯೊಂದಿಗೆ ನೆರಳಿನಲ್ಲಿ ಕುಳಿತಿರಿ.

ಯಾವ ದಿನ ಹಾವನ್ನು ಮುಟ್ಟಲೇಬಾರದೆಂಬುದು ಬೆಳಕಿನಷ್ಟೇ ಮುಖ್ಯ. ಆಹಾರ ನುಂಗಿದ ಮೇಲೆ ಕನಿಷ್ಠ 48 ಗಂಟೆ ಬಿಡಬೇಕು. ಹೊಟ್ಟೆಯ ಉಬ್ಬು ಕಾಣುತ್ತಿದ್ದರೆ ಇನ್ನೂ ಹೆಚ್ಚು. ಅಂಥ ಹೊತ್ತಿನಲ್ಲಿ ಎತ್ತಾಡಿಸಿದರೆ ನುಂಗಿದ್ದನ್ನು ಕಕ್ಕುತ್ತದೆ. ಅದು ಮನುಷ್ಯರ ವಾಂತಿಯಷ್ಟು ಹಗುರವಾದ ಸಂಗತಿಯಲ್ಲ. ಜೀರ್ಣರಸದಿಂದ ಗಂಟಲು ಸುಟ್ಟಿರುತ್ತದೆ, ಮತ್ತೆ ಆಹಾರ ಕೊಡಲು ಹತ್ತು ದಿನವೋ ಎರಡು ವಾರವೋ ಕಾಯಬೇಕಾಗುತ್ತದೆ. ಇನ್ನೊಂದು, ಪೊರೆ ಬಿಡುವ ಮುಂಚಿನ ದಿನಗಳು. ಹಾವಿಗೆ ಕಣ್ಣುರೆಪ್ಪೆ ಇಲ್ಲ, ಕಣ್ಣಿನ ಮೇಲೂ ಒಂದು ಪಾರದರ್ಶಕ ಹುರುಪೆ ಇದೆ. ಪೊರೆ ಕಳಚುವ ಮುನ್ನ ಅದು ಹಾಲು ಬೆರೆಸಿದ ನೀಲಿಯಾಗುತ್ತದೆ. ಆಗ ಹಾವಿಗೆ ಸರಿಯಾಗಿ ಕಾಣುವುದಿಲ್ಲ, ಸಣ್ಣ ಅಲುಗಾಟಕ್ಕೂ ಬೆಚ್ಚುತ್ತದೆ, ಕಚ್ಚುವುದೂ ಹೆಚ್ಚು. ಆ ನೀಲಿ ಕಣ್ಣು ಚಿತ್ರದಲ್ಲಿ ಚೆಂದ ಕಾಣುತ್ತದೆಂದು ಅದೇ ದಿನ ಹೊರಗೆ ಒಯ್ಯುವವರಿದ್ದಾರೆ. ದಯವಿಟ್ಟು ಬೇಡ. ಪೊರೆ ಬಿಟ್ಟ ಮರುದಿನದವರೆಗೆ ಕಾಯಿರಿ. ಮೈ ಹೊಸದಾಗಿ ತೊಳೆದಿಟ್ಟಂತೆ ಇರುತ್ತದೆ, ಇಡೀ ತಿಂಗಳಿನಲ್ಲಿ ಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ದಿನ ಸಿಗದು. ಹೊಸದಾಗಿ ತಂದ ಹಾವು, ಕಾಯಿಲೆಯ ಹಾವು, ಮೊಟ್ಟೆ ಇರುವ ಹಾವು, ಇವುಗಳ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ.

ಜಾಗದ ವಿಷಯಕ್ಕೆ ಬರುತ್ತೇನೆ. ಹುಲ್ಲುಹಾಸು ಎಷ್ಟೇ ಹಸಿರಾಗಿ ಕಂಡರೂ ಅದಕ್ಕೆ ಕಳೆನಾಶಕವನ್ನೋ ಕೀಟನಾಶಕವನ್ನೋ ಸಿಂಪಡಿಸಿರಬಹುದು. ಹಾವು ನೆಲದ ಪ್ರತಿ ಅಂಗುಲವನ್ನೂ ನಾಲಿಗೆಯಿಂದ ಸವರಿ, ಅಂಟಿದ ಕಣಗಳನ್ನು ಬಾಯಿಯ ಮೇಲ್ಛಾವಣಿಯಲ್ಲಿರುವ ವಾಸನೆಯ ಅಂಗಕ್ಕೆ ಒಯ್ಯುವ ಪ್ರಾಣಿ. ಸಿಂಪಡಣೆಯ ಬಗ್ಗೆ ಖಚಿತವಾಗಿ ಗೊತ್ತಿಲ್ಲದ ಹುಲ್ಲಿಗೆ ನಮ್ಮ ಹಾವುಗಳನ್ನು ನಾನು ಇಳಿಸುವುದಿಲ್ಲ. ಉಣ್ಣಿ, ನುಸಿಗಳು ಹತ್ತುವುದೂ ಅಲ್ಲಿಂದಲೇ. ಮಣ್ಣಿನಲ್ಲಿ ಬದುಕಬಲ್ಲ ಒಫಿಡಿಯೊಮೈಸಿಸ್ ಎಂಬ ಶಿಲೀಂಧ್ರ ಉತ್ತರ ಅಮೆರಿಕ ಮತ್ತು ಯುರೋಪಿನ ಕಾಡುಹಾವುಗಳಲ್ಲಿ ಚರ್ಮರೋಗ ತಂದಿದೆ. ರೋಗ ಆ ಕಡೆಯಿಂದ ಈ ಕಡೆಗೆ ಮಾತ್ರ ಬರುವುದಿಲ್ಲ. ನಮ್ಮ ಪೆಟ್ಟಿಗೆಯ ರೋಗವನ್ನು ನಾವೇ ಹೊರಗಿನ ಹಾವುಗಳಿಗೆ ಅಂಟಿಸಿ ಬರಬಹುದು. ಆದ್ದರಿಂದ ಕಾಡುಹಾವುಗಳು ಓಡಾಡುವ ಕಡೆಗೆ ನಾವು ಹೋಗುವುದೇ ಇಲ್ಲ. ಒಣ ಕೊಂಬೆ, ತೊಗಟೆ, ಪಾಚಿ ಹತ್ತಿದ ಚಪ್ಪಡಿ ಕಲ್ಲು, ಒಂದಿಷ್ಟು ತೊಳೆದ ತರಗೆಲೆ. ಇಷ್ಟನ್ನು ಒಂದು ಅಗಲವಾದ ಹಲಗೆಯ ಮೇಲೆ ಜೋಡಿಸಿ, ಹಲಗೆಯನ್ನೇ ಬೆಳಕಿಗೆ ಇಡುತ್ತೇವೆ. ಚಿತ್ರದಲ್ಲಿ ಕಾಡಿನ ನೆಲವೇ ಕಾಣುತ್ತದೆ. ಹಲಗೆಯ ಸುತ್ತ ಮೂರು ಹೆಜ್ಜೆ ಬೋಳು ನೆಲವಿರಬೇಕು. ಗೋಡೆಯ ಬಿರುಕು, ಕಲ್ಲುರಾಶಿ, ಪೊದೆ, ಬಿಲ, ನಿಲ್ಲಿಸಿದ ವಾಹನದ ಅಡಿ, ಇವೆಲ್ಲ ದೂರವಿರಬೇಕು. ತಲೆ ತೂರುವ ಸಂದಿನಲ್ಲಿ ಹಾವಿನ ಉಳಿದ ಮೈಯೂ ತೂರುತ್ತದೆ. ಅರ್ಧ ಒಳಗೆ ಹೋದ ಹಾವನ್ನು ಬಾಲ ಹಿಡಿದು ಎಳೆದರೆ ಹುರುಪೆ ಹರಿಯುತ್ತದೆ, ಬೆನ್ನೆಲುಬಿಗೆ ಪೆಟ್ಟಾಗುತ್ತದೆ, ಹಾವು ಮಾತ್ರ ಹೊರಗೆ ಬರುವುದಿಲ್ಲ.

ಮೇಲೆಯೂ ಒಂದು ಕಣ್ಣಿರಲಿ. ಹದ್ದು, ಗಿಡುಗ, ಕಾಗೆಗಳಿಗೆ ನಮ್ಮ ಮುದ್ದಿನ ಹಾವು ಬರೀ ಊಟ.

ಹಾವು ಒಂದೆಡೆ ಕೂರುವುದಿಲ್ಲವಲ್ಲ, ಚಿತ್ರ ತೆಗೆಯುವುದು ಹೇಗೆ ಎನ್ನುವವರಿಗೆ ನಾವು ಮಾಡುವ ಕ್ರಮ ಹೇಳುತ್ತೇನೆ. ಹಲಗೆಯ ಮೇಲೆ ಹಾವನ್ನು ಎರಡೂ ಕೈಗಳಿಂದ ಇಳಿಸುತ್ತೇನೆ, ಒಂದು ಕೈ ಮುಂಭಾಗದ ಮೈಯ ಅಡಿಗೆ, ಇನ್ನೊಂದು ಹಿಂಭಾಗದ ಅಡಿಗೆ. ತಲೆಯ ಹಿಂದೆ ಅದುಮಿ ಹಿಡಿಯುವುದಿಲ್ಲ. ಅದು ತನ್ನಷ್ಟಕ್ಕೆ ಸುರುಳಿಯಾಗತೊಡಗಿದಾಗ ಮೇಲೆ ಒಂದು ಬೋಗುಣಿ ಕವುಚುತ್ತೇನೆ. ಕತ್ತಲೆಯಲ್ಲಿ ಅಡಗುದಾಣ ಸಿಕ್ಕಿತೆಂದು ಹಾವು ಸುಮ್ಮನಾಗುತ್ತದೆ. ಒಂದೆರಡು ನಿಮಿಷದ ನಂತರ ಬೋಗುಣಿಯನ್ನು ಹಿಂಬದಿಯಿಂದ ಮೆಲ್ಲಗೆ ಎತ್ತುತ್ತೇನೆ. ಅಷ್ಟರಲ್ಲಿ ಅಣ್ಣ ಸಿದ್ಧನಾಗಿ ಮಲಗಿರುತ್ತಾನೆ. ಮೊದಲ ಕೆಲವು ಕ್ಷಣ ಹಾವು ಅಲುಗುವುದಿಲ್ಲ. ಆಮೇಲೆ ನಾಲಿಗೆ ಹೊರಗೆ ಬರುತ್ತದೆ, ಕವಲಿನ ಎರಡೂ ತುದಿ ಮೇಲಕ್ಕೂ ಕೆಳಕ್ಕೂ ಬಾಗಿ ಗಾಳಿಯನ್ನು ಸವರುತ್ತವೆ, ಮತ್ತೆ ಒಳಗೆ. ಅಣ್ಣನಿಗೆ ಬೇಕಾದ ಚಿತ್ರ ಅದೇ. ಇದಿಷ್ಟೂ ನೆರಳಿನಲ್ಲಿ ಮಾತ್ರ. ಬಿಸಿಲಿನಲ್ಲಿ ಕವುಚಿಟ್ಟ ಬೋಗುಣಿ ಒಳಗಿನಿಂದ ಒಲೆಯಾಗುತ್ತದೆ. ಎರಡು ಸಲ ಬೋಗುಣಿ ಎತ್ತಿದಾಗಲೂ ಹಾವು ಹೊರಟೇಬಿಟ್ಟರೆ ಆ ದಿನ ಅದಕ್ಕೆ ಮನಸ್ಸಿಲ್ಲವೆಂದು ಬಿಡುತ್ತೇವೆ.

ಇಲ್ಲಿಯೇ ಒಂದು ಕೆಟ್ಟ ಪದ್ಧತಿಯ ಬಗ್ಗೆ ಕೋಪದಿಂದಲೇ ಹೇಳಬೇಕು. ಹಾವು ಅಲುಗದಿರಲೆಂದು ಚಿತ್ರಕ್ಕೆ ಮೊದಲು ಅದನ್ನು ಫ್ರಿಜ್‌ನಲ್ಲಿಟ್ಟು ಮರಗಟ್ಟಿಸುವವರಿದ್ದಾರೆ. ಇದು ಉಪಾಯವಲ್ಲ, ಹಿಂಸೆ. ಮೈ ತಣ್ಣಗಾದ ಹಾವು ಶಾಂತವಾಗಿರುವುದಿಲ್ಲ, ಅದಕ್ಕೆ ಅಲುಗಲು ಆಗುತ್ತಿರುವುದಿಲ್ಲ. ಅಂಟು ಹಚ್ಚುವುದು, ದಾರ ಕಟ್ಟುವುದು, ಬಾಯಿ ತೆರೆಸಲು ಕಡ್ಡಿಯಿಂದ ತಿವಿಯುವುದು, ಎಲ್ಲವೂ ಅದೇ ಸಾಲಿನವು. ಹಾಗ್‌ನೋಸ್ ಎಂಬ ಹಾವಿದೆ. ತೀರಾ ಹೆದರಿದಾಗ ಅಂಗಾತ ಬಿದ್ದು, ಬಾಯಿ ತೆರೆದು, ನಾಲಿಗೆ ಜೋಲುಬಿಟ್ಟು ಸತ್ತಂತೆ ನಟಿಸುತ್ತದೆ. ಆ ಚಿತ್ರಕ್ಕೆ ಬೇಡಿಕೆ ಇದೆಯೆಂದು ಅದನ್ನು ಮತ್ತೆ ಮತ್ತೆ ಹೆದರಿಸುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ತಾನು ಈಗ ಸಾಯುತ್ತೇನೆಂಬಷ್ಟು ಭಯಪಟ್ಟ ಜೀವಿಯ ಚಿತ್ರ ಅದು. ಹಾಗೆಯೇ, ಎರಡು ಹಾವುಗಳನ್ನು ಒಂದೇ ಚಿತ್ರಕ್ಕಾಗಿ ಜೊತೆಗೆ ಬಿಡಬೇಡಿ. ಕಿಂಗ್‌ಸ್ನೇಕ್‌ಗಳಂಥವು ಇತರ ಹಾವುಗಳನ್ನೇ ತಿನ್ನುತ್ತವೆ.

ಹಾವಿನ ಪಕ್ಕ ಕುಳಿತವರು ಏನನ್ನು ನೋಡಬೇಕು? ಮೈ ಸಡಿಲವಾಗಿದ್ದು, ನಾಲಿಗೆ ಆಗಾಗ ಹೊರಬರುತ್ತಿದ್ದು, ತಲೆ ನಿಧಾನವಾಗಿ ತಿರುಗುತ್ತಿದ್ದರೆ ಹಾವು ಸುತ್ತಲಿನದನ್ನು ತಿಳಿಯುತ್ತಿದೆ, ಅಡ್ಡಿಯಿಲ್ಲ. ಕುತ್ತಿಗೆ ಹಿಂದಕ್ಕೆ ಸರಿದು ಎರಡು ಮಡಿಕೆಯಾಗಿ ಮಡಚಿಕೊಂಡರೆ ಅದು ಎರಗಲು ಸಿದ್ಧವಾಗಿದೆ. ಬಾಲದ ತುದಿ ತರಗೆಲೆಯ ಮೇಲೆ ಪಟಪಟನೆ ಬಡಿಯತೊಡಗಿದರೆ, ಉಸಿರಿಗೆ ಪಕ್ಕೆ ಜೋರಾಗಿ ಏರಿಳಿದರೆ, ತಲೆಯನ್ನು ಸುರುಳಿಯ ಅಡಿಗೆ ತೂರಿಸತೊಡಗಿದರೆ, ದುರ್ವಾಸನೆಯ ದ್ರವ ಬಿಟ್ಟರೆ, ಮುಗಿಯಿತು, ಚೀಲ ತೆರೆಯಬೇಕು. ಬಾಲ್ ಪೈಥಾನ್ ಉಂಡೆಯಾಗಿ ತಲೆಯನ್ನು ನಡುವೆ ಬಚ್ಚಿಟ್ಟುಕೊಂಡಾಗ ‘ಎಷ್ಟು ಮುದ್ದಾಗಿದೆ’ ಎನ್ನುತ್ತಾರೆ. ಅದು ಹೆದರಿಕೆ. ಮೈ ಕಾದಾಗಿನ ಲಕ್ಷಣ ಬೇರೆ. ಮೊದಲು ದಿಕ್ಕಿಲ್ಲದಂತೆ ಓಡಾಟ, ಆಮೇಲೆ ಬಾಯಿ ತೆರೆಯುವುದು, ಕೊನೆಗೆ ಸೋತು ಬೀಳುವುದು. ಬೆನ್ನು ಕೆಳಗಾದರೆ ತಿರುಗಿಕೊಳ್ಳಲೂ ಆಗದ ಸ್ಥಿತಿ. ಅಲ್ಲಿಯವರೆಗೆ ಬಂದರೆ ತಕ್ಷಣ ನೆರಳು, ಉಗುರುಬೆಚ್ಚಗಿನ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆ, ನೇರ ಪಶುವೈದ್ಯರ ಬಳಿಗೆ. ಐಸ್ ನೀರಿನಲ್ಲಿ ಅದ್ದಬಾರದು.

ಕ್ಯಾಮೆರಾದ ಬಗ್ಗೆ ಅಣ್ಣ ಬರೆಸಿದ್ದು ಇಷ್ಟು. 90ರಿಂದ 105 ಮಿಲಿಮೀಟರ್ ಮ್ಯಾಕ್ರೊ ಲೆನ್ಸ್ ಇದ್ದರೆ ಮೂತಿಯ ಬಳಿಗೆ ಹೋಗದೆಯೇ ಹತ್ತಿರದ ಚಿತ್ರ ಸಿಗುತ್ತದೆ. ಹಾವಿನ ಕಣ್ಣಿಗೆ ಫೋಕಸ್, ಲೆನ್ಸ್‌ನ ಕಿಂಡಿ (ಅಪರ್ಚರ್) ಎಫ್/8ರ ಆಸುಪಾಸು, ನಾಲಿಗೆ ಬೇಕಿದ್ದರೆ ಷಟರ್ ಸೆಕೆಂಡಿನ 1/500 ಅಥವಾ ಅದಕ್ಕಿಂತ ವೇಗ. ಮೊಬೈಲ್‌ನಲ್ಲಾದರೆ ಅಗಲ ಲೆನ್ಸ್ ಬಿಟ್ಟು ಎರಡು ಅಥವಾ ಮೂರು ಪಟ್ಟು ಹತ್ತಿರ ತೋರಿಸುವ ಲೆನ್ಸ್ ಬಳಸಿ. ಅಗಲ ಲೆನ್ಸ್‌ನಿಂದ ಮೂತಿ ದಪ್ಪವಾಗಿ ಕಾಣುತ್ತದೆ, ಜೊತೆಗೆ ನಿಮ್ಮ ಕೈಯೂ ಹಾವಿನ ಮುಖದ ಮುಂದೆಯೇ ಇರುತ್ತದೆ. ಬಾಲ್ ಪೈಥಾನ್‌ನ ತುಟಿಯ ಗುಂಟ ಶಾಖವನ್ನು ಗ್ರಹಿಸುವ ಕುಳಿಗಳಿವೆ. ಕತ್ತಲಲ್ಲೂ ಬೆಚ್ಚನೆಯ ಕೈ ಎಲ್ಲಿದೆಯೆಂದು ಅದಕ್ಕೆ ಗೊತ್ತಾಗುತ್ತದೆ. ಮುಖಕ್ಕೆ ನೇರವಾಗಿ ಫ್ಲಾಶ್ ಹೊಡೆಯಬೇಡಿ. ಉಳಿದದ್ದನ್ನು ಛಾಯಾಗ್ರಹಣ ಬಲ್ಲವರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಹಾವಿನ ಉದ್ದದ ಲೆಕ್ಕವೂ ಇದೆ. ಮೇಲೆ ಹೇಳಿದ ಇಬ್ಬರ ಒಪ್ಪಂದ ಸಣ್ಣ ಹಾವುಗಳಿಗೆ. ಎರಡೂವರೆ ಮೀಟರ್ ದಾಟಿದ ಹೆಬ್ಬಾವನ್ನೋ ಬೋವಾವನ್ನೋ ಹಿಡಿಯಲೆಂದೇ ಇಬ್ಬರು ಬೇಕು, ಕ್ಯಾಮೆರಾದವರು ಅದರ ಹೊರಗೆ. ಚಿತ್ರಕ್ಕಾಗಿ ಅದನ್ನು ಯಾರ ಕೊರಳಿಗೂ ಹಾಕಬೇಡಿ, ಮಕ್ಕಳ ಹೆಗಲಿಗಂತೂ ಬೇಡವೇ ಬೇಡ. ವಿಷದ ಹಾವು ಈ ಪತ್ರದ ವ್ಯಾಪ್ತಿಗೆ ಸೇರಿದ್ದಲ್ಲ. ಅದನ್ನು ಚಿತ್ರಕ್ಕೆಂದು ಬಯಲಿಗೆ ಒಯ್ಯುವ ಹವ್ಯಾಸಕ್ಕೆ ಸುರಕ್ಷಿತ ವಿಧಾನವೆಂಬುದೇ ಇಲ್ಲ. ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯುವುದನ್ನು ಮರೆಯಬಾರದು. ಆರೋಗ್ಯವಾಗಿರುವ ಹಾವಿನ ಮೈಮೇಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಐದು ವರ್ಷದೊಳಗಿನ ಮಕ್ಕಳಿಗೆ ಅದು ಹೆಚ್ಚು ಅಪಾಯಕಾರಿ.

ಜನ ಸೇರುವ ಉದ್ಯಾನಗಳಿಗೆ ನಾವು ಹೋಗುವುದಿಲ್ಲ. ಹಾವೆಂದರೆ ಎದೆ ನಡುಗುವವರಿದ್ದಾರೆ, ಆ ಭಯ ನಿಜವಾದದ್ದು. ನಮ್ಮ ಹವ್ಯಾಸಕ್ಕಾಗಿ ಅವರು ತಮ್ಮ ನಡಿಗೆಯ ದಾರಿ ಬದಲಿಸಬೇಕೆಂದು ನಿರೀಕ್ಷಿಸುವುದು ತಪ್ಪು. ಯಾರಾದರೂ ಓಡಿ ಬಂದು ಮುತ್ತಿಕೊಂಡರೆ ಅಥವಾ ಹೆದರಿ ಕಲ್ಲೆತ್ತಿಕೊಂಡರೆ ಪೆಟ್ಟು ತಿನ್ನುವುದು ಹಾವು. ಚಿತ್ರವನ್ನು ಹಂಚಿಕೊಳ್ಳುವ ಮೊದಲು ಅದರಲ್ಲಿ ದಾಖಲಾಗಿರುವ ಸ್ಥಳದ ಮಾಹಿತಿಯನ್ನು ಅಳಿಸಿ. ಅಪರೂಪದ ಬಣ್ಣದ ಹಾವುಗಳಿಗೆ ಕಳ್ಳರೂ ಇದ್ದಾರೆ.

ತಪ್ಪಿಸಿಕೊಂಡ ಹಾವಿನ ವಿಷಯವನ್ನು ‘ಎಲ್ಲೋ ಹಾಯಾಗಿ ಬದುಕಿಕೊಳ್ಳುತ್ತದೆ ಬಿಡಿ’ ಎಂದು ಹಗುರವಾಗಿ ಮಾತನಾಡುವವರಿದ್ದಾರೆ. ಹೆಚ್ಚಿನವು ಬದುಕುವುದಿಲ್ಲ. ಬದುಕಿದರೆ ಇನ್ನೂ ದೊಡ್ಡ ಅನಾಹುತ. ಅಮೆರಿಕದ ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಸಾಕಾಣಿಕೆದಾರರ ಕೈಯಿಂದ ಹೊರಬಿದ್ದ ಬರ್ಮೀಸ್ ಹೆಬ್ಬಾವುಗಳು ಸಂತಾನ ಬೆಳೆಸಿ ನೆಲೆಯೂರಿವೆಯೆಂದು 2000ದ ವೇಳೆಗೆ ಗುರುತಿಸಲಾಯಿತು. ಇಂದಿಗೂ ಅವುಗಳನ್ನು ನಿರ್ಮೂಲ ಮಾಡಲು ಆಗಿಲ್ಲ. ಸ್ಪೇನಿಗೆ ಸೇರಿದ ಗ್ರಾನ್ ಕನೇರಿಯಾ ದ್ವೀಪದ ಕತೆ ಇನ್ನೂ ಹತ್ತಿರದ ಪಾಠ. ಅಲ್ಲಿ 1990ರ ದಶಕದ ಕೊನೆಯಲ್ಲಿ ಕಾಣಿಸಿಕೊಂಡದ್ದು ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್. ಹೆಬ್ಬಾವಿನಂತೆ ದೈತ್ಯವಲ್ಲ, ಒಬ್ಬರ ಕೈಯಲ್ಲಿ ಹಿಡಿಸುವ, ನಮ್ಮಂಥವರು ಸಾಕುವ ಸಾಧು ಹಾವು. ಆ ದ್ವೀಪದಲ್ಲಿ ಅದಕ್ಕಿಂತ ಮೊದಲು ಹಾವುಗಳೇ ಇರಲಿಲ್ಲ, ಅಲ್ಲಿನ ದೊಡ್ಡ ಹಲ್ಲಿಗಳಿಗೆ ಹಾವೆಂದರೆ ಏನೆಂದೇ ಗೊತ್ತಿರಲಿಲ್ಲ. ಕಿಂಗ್‌ಸ್ನೇಕ್ ಹರಡಿದ ಕಡೆಗಳಲ್ಲಿ ಆ ಹಲ್ಲಿಗಳು ಬಹುತೇಕ ಇಲ್ಲವಾಗಿವೆ. ಆದ್ದರಿಂದ ಹಾವು ಕೈತಪ್ಪಿದರೆ ಕ್ಯಾಮೆರಾವನ್ನು ಬಿಟ್ಟು ಇಬ್ಬರೂ ಅದರ ಬೆನ್ನು ಹತ್ತಬೇಕು. ಒಬ್ಬರು ಕೊನೆಯದಾಗಿ ಕಂಡ ಜಾಗದಿಂದ ಕಣ್ಣು ತೆಗೆಯಬಾರದು, ಇನ್ನೊಬ್ಬರು ಹತ್ತಿರದ ಮೊದಲ ಅಡಗುದಾಣವನ್ನೇ ಹುಡುಕಬೇಕು. ಸಿಗದಿದ್ದರೆ ಸುತ್ತಲಿನವರಿಗೆ, ಸಂಬಂಧಪಟ್ಟ ಇಲಾಖೆಗೆ ಅದೇ ಗಳಿಗೆ ತಿಳಿಸಬೇಕು. ನಾಚಿಕೆಪಟ್ಟು ಮುಚ್ಚಿಡಬಾರದು.

ಇನ್ನು ತಮ್ಮಲ್ಲಿ ನನ್ನ ಬೇಡಿಕೆ. ಸಾಕುಪ್ರಾಣಿಗಳ ಚಿತ್ರ ಕಳುಹಿಸುವವರಿಗೆ ತಾವು ಕೊಡುವ ಅರ್ಜಿಯಲ್ಲಿ ಈಗ ಹೆಸರು, ಪ್ರಾಣಿಯ ಹೆಸರು, ಕ್ಯಾಮೆರಾದ ಮಾದರಿ ಮಾತ್ರ ಕೇಳುತ್ತೀರಿ. ಹಾವಿನ ಚಿತ್ರವಾದರೆ ಇನ್ನೂ ಮೂರು ಸಾಲು ಸೇರಿಸಿ: ಹಾವು ಎಲ್ಲಿ ಹುಟ್ಟಿದ್ದು, ಚಿತ್ರ ತೆಗೆದ ಹೊತ್ತು ಯಾವುದು, ಹಾವನ್ನು ನೋಡಿಕೊಳ್ಳುತ್ತಿದ್ದವರು ಯಾರು. ಮೂರನೆಯ ಸಾಲು ಖಾಲಿ ಬಿಟ್ಟ ಚಿತ್ರವನ್ನು ಎಷ್ಟೇ ಸೊಗಸಾಗಿದ್ದರೂ ಅಚ್ಚು ಹಾಕಬೇಡಿ. ಅಚ್ಚಾದ ಚಿತ್ರದ ಕೆಳಗೆ ಛಾಯಾಗ್ರಾಹಕರ ಹೆಸರಿನ ಪಕ್ಕದಲ್ಲಿ ಆ ಇನ್ನೊಬ್ಬರ ಹೆಸರನ್ನೂ ಹಾಕಿ. ಹೆಸರು ಅಚ್ಚಾಗುತ್ತದೆಂದು ಗೊತ್ತಿದ್ದರೆ ಹಾವಿನ ಪಕ್ಕದಲ್ಲಿ ಕುಳಿತವರಿಗೂ ‘ಸಾಕು’ ಎನ್ನುವ ಧೈರ್ಯ ಬರುತ್ತದೆ. ಅಡಿಬರಹ ಬರೆಯುವ ಮೊದಲು ಹಾವು ಸಾಕುವವರನ್ನೋ ಪಶುವೈದ್ಯರನ್ನೋ ಒಮ್ಮೆ ಕೇಳುವ ವ್ಯವಸ್ಥೆಯಾದರೆ ಇನ್ನೂ ಒಳ್ಳೆಯದು. ಕರೆದರೆ ಆ ಕೆಲಸವನ್ನು ನಾನೂ ಸಂತೋಷದಿಂದ ಮಾಡಿಕೊಡುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು